ಕೌಂಟರ್ ಮುಂದೆ ಅಮ್ಮನ ಮಾನ ಕಳೆಯೋ ಹಕ್ಕು ಯಾರು ಕೊಟ್ಟರು?

"ಕೆಳಗಡೆ ಈಗಲೂ ರಕ್ತ ಹೋಗುತ್ತಾ? ಜೋರಾಗಿ ಹೇಳಮ್ಮ!"

ಆಸ್ಪತ್ರೆಯಲ್ಲಿ ಸರ್ಕಾರದ ಚಿಕಿತ್ಸಾ ಸ್ಕೀಮಿನ ಕೌಂಟರಿನವನು ಇವತ್ತು ಅಮ್ಮನಿಗೆ ಕೇಳಿದ ಪ್ರಶ್ನೆ ಇದು. ಹಿಂದೆ ಸಾಲಿನಲ್ಲಿ ಗಂಡಸರೇ ಜಾಸ್ತಿ. ಮನೆಗೆ ಬಂದು ಇಷ್ಟು ಹೊತ್ತಾದರೂ ನನ್ನ ಸಿಟ್ಟು ಇಳಿದಿಲ್ಲ.

ಹಳೇ ಫೈಲಿನಲ್ಲಿ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಅಂತಿದೆ, ಹೊಸ ಚೀಟಿಯಲ್ಲಿ ಎದೆಗೆ ರೇಡಿಯೇಶನ್ ಅಂತ ಬರೆದಿದ್ದಾರೆ. ಅವನ ತಕರಾರು ಅಷ್ಟೇ. "ಗರ್ಭಕೋಶ ಎಲ್ಲಿ, ಶ್ವಾಸಕೋಶ ಎಲ್ಲಿ? ಯಾವುದಕ್ಕೆ ಕರೆಂಟು ಕೊಡೋದು?" ಅಂದ. ಅದಕ್ಕೂ ರಕ್ತಸ್ರಾವಕ್ಕೂ ಏನು ಸಂಬಂಧ? ಅಮ್ಮ ಗಾಜಿನ ಕಿಂಡಿಗೆ ಬಗ್ಗಿ "ಇಲ್ಲಪ್ಪ, ನಿಂತಿದೆ" ಅಂದಳು. "ಕೇಳಿಸ್ತಿಲ್ಲ." ಮತ್ತೆ ಹೇಳಿದಳು. "ಬಿಳಿ ಹೋಗುತ್ತಾ?" ಅಂತ ಶುರು ಮಾಡಿದ. ಅಮ್ಮ ಸೆರಗನ್ನು ಹೆಗಲ ಸುತ್ತ ಎಳೆದುಕೊಂಡು ನನ್ನ ಮುಖ ನೋಡಿದಳು. "ನನ್ನನ್ನು ಕೇಳಿ ಸಾರ್" ಅಂದೆ. "ಪೇಷೆಂಟ್ ನೀವಾ?" ಅಂದ. ಹಿಂದಿದ್ದವನೊಬ್ಬ ಕಿಸಕ್ಕನೆ ನಕ್ಕ. ಆ ನಗು ಇನ್ನೂ ಕಿವಿಯಲ್ಲಿದೆ.

ಡಾಕ್ಟರು ನಮಗೆ ಸುಲಭವಾಗಿ ತಿಳಿಸಿದ್ದರು. ಗರ್ಭಕೋಶದ ಬಾಯಿಂದ ಹೊರಟ ಕ್ಯಾನ್ಸರ್ ಕಣ ರಕ್ತದಲ್ಲಿ ಸಾಗಿ ಶ್ವಾಸಕೋಶದಲ್ಲಿ ಬೇರು ಬಿಟ್ಟಿದೆ. ಜಾಗ ಬೇರೆ, ಕಾಯಿಲೆ ಅದೇ. ಬಯಾಪ್ಸಿ ರಿಪೋರ್ಟಿನಲ್ಲೂ ಅದೇ ಇದೆ, ಫೈಲಿನ ಮೇಲೇ ಪಿನ್ ಹೊಡೆದಿತ್ತು. ಹಿಂದೆ ಕಿಬ್ಬೊಟ್ಟೆಗೆ ಕೊಟ್ಟ ರೇಡಿಯೇಶನ್ ಬೇರೆ: ಐದು ವಾರ, 25 ಸಲ, ಜೊತೆಗೆ ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಅನ್ನೋ ಕೀಮೋ ಔಷಧಿ, ಆಮೇಲೆ ಒಳಗಿನಿಂದ ರೇಡಿಯೇಶನ್ ಕೊಡುವ ಬ್ರೇಕಿಥೆರಪಿ. ಅದನ್ನೆಲ್ಲ ಹಲ್ಲು ಕಚ್ಚಿ ಸಹಿಸಿದವಳು ನನ್ನಮ್ಮ. ಈಗಿನದು ಎಸ್‌ಬಿಆರ್‌ಟಿ ಅನ್ನೋ ಬೇರೆ ಥರದ ರೇಡಿಯೇಶನ್. ಗಂಟು ಒಂದೇ, ಚಿಕ್ಕದು. ಹಾಗಾಗಿ ಕೆಲವೇ ಸಲದಲ್ಲಿ, ಜಾಸ್ತಿ ಡೋಸನ್ನು ಅದಕ್ಕೇ ಗುರಿ ಇಟ್ಟು ಕೊಡುತ್ತಾರೆ. ಉಸಿರಾಡಿದಂತೆ ಗಂಟೂ ಅಲ್ಲಾಡುತ್ತಲ್ವಾ, ಅದಕ್ಕೆ ಮೊದಲು ಫೋರ್‌ಡಿ ಸಿಟಿ ಸ್ಕ್ಯಾನ್ ಮಾಡಿ ಅದರ ಓಡಾಟ ಅಳೆಯುತ್ತಾರೆ.

ಹೋಗಲಿ ಬಿಡಿ, ಅವನೂ ಬೆಳಗ್ಗೆಯಿಂದ ಅಲ್ಲೇ ಕೂತು ಎಷ್ಟು ಜನರಿಗೆ ಉತ್ತರ ಹೇಳಬೇಕೋ. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸರ್ಕಾರ ಕಟ್ಟುತ್ತೆ, ಒಂದು ಮಾತು ಅನ್ನಿಸಿಕೊಂಡರೆ ಏನಾಯ್ತು ಅಂತ ಬಸ್ಸಿನಲ್ಲಿ ಅಮ್ಮನೇ ಸಮಾಧಾನ ಮಾಡಿದಳು. ಇಲ್ಲ, ಯಾಕೆ ಅನ್ನಿಸಿಕೊಳ್ಳಬೇಕು? ದುಡ್ಡು ಅವನ ಜೇಬಿನದಾ? ಪ್ರಾಸ್ಟೇಟ್ ಕ್ಯಾನ್ಸರಿನ ಫೈಲು ಬಂದರೆ "ಉಚ್ಚೆ ಸರಿಯಾಗಿ ಹೋಗುತ್ತಾ?" ಅಂತ ಹೀಗೇ ಕೂಗುತ್ತಾನಾ?

2019ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಸೇಬರ್-ಕಾಮೆಟ್ ಅಧ್ಯಯನದ ಬಗ್ಗೆ ಓದಿದ್ದೆ. ಕ್ಯಾನ್ಸರ್ ಹೀಗೆ ಕೆಲವೇ ಕಡೆ ಹರಡಿದ್ದ 99 ಜನರ ಮೇಲೆ ನಡೆದದ್ದು. ಮಾಮೂಲಿ ಚಿಕಿತ್ಸೆಯಲ್ಲಿ ಅರ್ಧದಷ್ಟು ಜನ 28 ತಿಂಗಳು ದಾಟಿದರೆ, ಈ ರೇಡಿಯೇಶನ್ನೂ ಸಿಕ್ಕವರಲ್ಲಿ ಅರ್ಧದಷ್ಟು ಜನ 41 ತಿಂಗಳು ದಾಟಿದರು. ಅದರಲ್ಲಿ ಹೆಚ್ಚಿನವರು ಸ್ತನ, ಶ್ವಾಸಕೋಶ, ಕರುಳು, ಪ್ರಾಸ್ಟೇಟ್ ಕ್ಯಾನ್ಸರಿನವರು. ಅಮ್ಮನಿಗೂ ಅಷ್ಟೇ ಅಂತ ಹೇಳೋಕಾಗಲ್ಲ ಅಂತ ಡಾಕ್ಟರು ಹೇಳಿದ್ದಾರೆ. ಪೂರ್ತಿ ಗುಣ ಆಗುತ್ತೆ ಅಂತಲೂ ಯಾರೂ ಮಾತು ಕೊಟ್ಟಿಲ್ಲ. ಆದರೂ ಒಂದು ದಾರಿ ಇದೆ. ಆ ದಾರಿ ಒಂದು ಸೀಲಿಗಾಗಿ ನಿಂತುಬಿಟ್ಟಿದೆ.

"ಮತ್ತೆ ಬರೆಸ್ಕೊಂಡು ಬನ್ನಿ" ಅಂತ ಫೈಲು ತಳ್ಳಿದ. ಏನು ಬರೆಸಬೇಕು ಅಂತ ಹೇಳಲಿಲ್ಲ. ಆ ಕೆಲಸದಲ್ಲಿ ಇರುವವರು ಯಾರಾದರೂ ಇದನ್ನು ಓದುತ್ತಿದ್ದರೆ ಉತ್ತರ ಕೊಡಿ. ಡಾಕ್ಟರ ಸಹಿ ಇರುವ ಚೀಟಿ, ಬಯಾಪ್ಸಿ, ಸ್ಕ್ಯಾನ್ ಎಲ್ಲ ಕೈಯಲ್ಲಿ ಇದ್ದಾಗ ಹೆಂಗಸಿನ ಬಾಯಿಂದ ಇದನ್ನೆಲ್ಲ ಸಾಲಿನ ಮುಂದೆ ಹೇಳಿಸೋದು ಯಾವ ನಿಯಮ? ಎಲ್ಲಿ ಬರೆದಿದೆ? ತೋರಿಸಿ.

ಅಮ್ಮ ಈಗ "ನನಗೆ ಕರೆಂಟೂ ಬೇಡ, ಏನೂ ಬೇಡ" ಅಂತ ಕೂತಿದ್ದಾಳೆ. ಸೋಮವಾರ ಮತ್ತೆ ಅದೇ ಕೌಂಟರಿಗೆ ಹೋಗಬೇಕು. ಅವಳನ್ನು ಹೊರಗೆ ಕೂರಿಸಿ ನಾನೊಬ್ಬಳೇ ಸಾಲಿನಲ್ಲಿ ನಿಂತರೆ ನಡೆಯುತ್ತಾ? ಅದಕ್ಕೆ ಯಾವ ಪತ್ರ ಬೇಕು? ಗೊತ್ತಿದ್ದವರು ದಯವಿಟ್ಟು ಹೇಳಿ.