ವೀರಗಲ್ಲಿಗೂ ಎರಡು ಕೋಟು ಬಣ್ಣ

ಹೋದ ವಾರ ದುರ್ಗದ ಕಡೆ ಒಂದು ಮ್ಯೂಸಿಯಂಗೆ ಹೋಗಿದ್ದೆ, ಯಾವ್ದು ಅಂತ ಮಾತ್ರ ಕೇಳ್ಬೇಡಿ. ಮಿನಿಸ್ಟ್ರು ಬರ್ತಾರೆ ಅಂತ ಸುಣ್ಣಬಣ್ಣ ಜೋರಾಗಿ ನಡೀತಿತ್ತು, ಗೋಡೆ ಮುಗೀತು, ಗೇಟೂ ಮುಗೀತು, ಡಬ್ಬದಲ್ಲಿ ಇನ್ನೂ ಬಣ್ಣ ಉಳಿದೈತೆ, ಎದುರಿಗೆ ಪಾಪ ಒಂದು ವೀರಗಲ್ಲು ನಿಂತೈತೆ, ಇನ್ನೇನಾಗುತ್ತೆ ಹೇಳಿ. ಕುದುರೆಗೆ ಕಪ್ಪು, ವೀರನಿಗೆ ಗೋಲ್ಡನ್ನು, ಅವನನ್ನ ಸ್ವರ್ಗಕ್ಕೆ ಕರ್ಕೊಂಡು ಹೋಗೋ ಅಪ್ಸರೆಯರಿಗೆ ಲಿಪ್‌ಸ್ಟಿಕ್ಕು! ಊರಿನ ದನ ಬಿಡಿಸೋಕೆ ಹೋಗಿ ಪ್ರಾಣ ಬಿಟ್ಟೋನು ಈಗ ಆರ್ಕೆಸ್ಟ್ರಾ ಸ್ಟೇಜ್ ಹತ್ತಿದಂಗೆ ಕಾಣ್ತಾನೆ. ಮುರಿದಿದ್ದ ಮೂಗಿಗೆ ಸಿಮೆಂಟು ಮೆತ್ತಿದಾರೆ, ಅದೂ ಮೇಸ್ತ್ರಿ ಮೂಗಿನ ಪಡಿಯಚ್ಚು.

"ಏನಣ್ಣ ಇದು?" ಅಂದೆ. "ಜೀರ್ಣೋದ್ಧಾರ ಸಾರ್" ಅಂದ. ಹೌದು, ಜೀರ್ಣ ಕಲ್ಲಿಗಾಗಿತ್ತು, ಉದ್ಧಾರ ಬಿಲ್ಲಲ್ಲಿತ್ತು.

ಕಲ್ಲೂ ಉಸಿರಾಡುತ್ತೆ ಕಣ್ರೀ. ಆಯಿಲ್ ಪೇಂಟ್ ಬಳಿದ್ರೆ ಒಳಗಿನ ತೇವಕ್ಕೆ ಹೊರಗೆ ಬರೋ ದಾರಿನೇ ಇರಲ್ಲ, ಸಿಮೆಂಟಿಂದ ಇಳಿದ ಉಪ್ಪು ಒಳಗೇ ಹರಳುಗಟ್ಟಿ ಕಲ್ಲಿನ ಮೈ ಚಕ್ಕೆ ಚಕ್ಕೆಯಾಗಿ ಎದ್ದು ಬರುತ್ತೆ. ಅದಕ್ಕೇ ಈ ಕೆಲಸ ಗೊತ್ತಿರೋರು ಏನೇ ಅಂಟಿಸಿದ್ರೂ ನಾಳೆ ಬಿಡಿಸೋಕೆ ಬರೋಂಗೆ ಅಂಟಿಸ್ತಾರೆ.

ಎಡವಟ್ಟು ನಮ್ದೊಂದೇ ಅಲ್ಲ ಬಿಡಿ. 2014ರಲ್ಲಿ ಕೈರೋದ ಮ್ಯೂಸಿಯಂನಲ್ಲಿ ಈಜಿಪ್ಟಿನ ಹಳೇ ಕಾಲದ ರಾಜ ಟುಟಾಂಖಮನ್‌ನ ಚಿನ್ನದ ಮುಖವಾಡದ ಗಡ್ಡ ಕಿತ್ಕೊಂಡು ಬಂತು, ಅವ್ರೂ ಗಡಿಬಿಡೀಲಿ ಎಪಾಕ್ಸಿ ಅನ್ನೋ ಗಟ್ಟಿ ಅಂಟು ಮೆತ್ತಿ ಕೈ ತೊಳ್ಕೊಂಡ್ರು. ಆಮೇಲೆ 2015ರಲ್ಲಿ ಜರ್ಮನ್ ತಜ್ಞರು ಬಂದು ಮರದ ಕಡ್ಡೀಲಿ ಆ ಅಂಟು ಕೆರೆದು ಕೆರೆದು ತೆಗೆದು, ಜೇನುಮೇಣ ಹಾಕಿ ಗಡ್ಡ ಕೂರಿಸಿದ್ರು. 8 ಜನರ ಮೇಲೆ ಕೇಸೂ ಬಿತ್ತು. ನಮ್ಮ ಕಡೆ ಆಗಿದ್ರೆ 8 ಜನಕ್ಕೂ ಶಾಲು, ಮೈಸೂರು ಪೇಟ, ಸೇಬಿನ ಹಾರ, ಆಮೇಲೆ ಮಂಡಕ್ಕಿ ಮಿರ್ಚಿ.

ಇಲ್ಲೇ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರೀಲಿ ಅಶೋಕ ಬಂಡೆ ಮೇಲೆ ಕೆತ್ತಿಸಿದ ಶಾಸನ ಎರಡು ಸಾವಿರ ವರ್ಷ ದಾಟಿದ್ರೂ ಉಳಿದೈತೆ. 1892ರಲ್ಲಿ ಶಾಸನ ಹುಡುಕ್ತಿದ್ದ ಬಿ.ಎಲ್. ರೈಸ್ ಸಾಹೇಬ್ರು ಹುಡುಕೋವರೆಗೂ ಯಾವ ಇಲಾಖೆ ಕಣ್ಣಿಗೂ ಬಿದ್ದಿರ್ಲಿಲ್ಲ, ಅದಕ್ಕೇ ಉಳೀತೇನೋ!

ವಾಪಸ್ ಬರುವಾಗ ನೋಡಿದೆ, 'ಮುಟ್ಟಬೇಡಿ' ಬೋರ್ಡನ್ನ ತಂತಿ ಕಟ್ಟಿ ವೀರನ ಕೊರಳಿಗೇ ನೇತಾಕಿದಾರೆ. ಇಷ್ಟು ವರ್ಷ ಆ ಬೋರ್ಡಿಗೆ ಯಾರೂ ಕ್ಯಾರೆ ಅಂದೋರಲ್ಲ, ಅವತ್ತು ಮಾತ್ರ ಸ್ಕೂಲ್ ಮಕ್ಕಳೆಲ್ಲ ಮಾರುದೂರ ಕೈ ಕಟ್ಕೊಂಡು ನಿಂತಿದ್ರು. ಬಣ್ಣ ಇನ್ನೂ ಒಣಗಿರ್ಲಿಲ್ಲ.