ಎದೆಯೊಳಗಿನ ಕಾರ್ಪೆಟ್ ಏರಿಯಾ

ಮುಂಬೈಯಲ್ಲಿ ಯಾರದಾದರೂ ಗೃಹಪ್ರವೇಶಕ್ಕೆ ಹೋದರೆ ದೇವರಿಗೆ ಕೈ ಮುಗಿಯುವ ಮೊದಲೇ ಬರುವ ಪ್ರಶ್ನೆ, "ಕಾರ್ಪೆಟ್ ಎಷ್ಟು?", ಅಂದರೆ ಗೋಡೆಗಳ ಒಳಗೆ ನಿಜವಾಗಿ ಬಳಸಲು ಸಿಗುವ ಜಾಗ ಎಷ್ಟು ಅಂತ. ಡೊಂಬಿವಲಿಯ ನಮ್ಮ ಚಿಕ್ಕಪ್ಪ ಅಂತೂ ಚಪ್ಪಲಿ ಬಿಡುವಾಗಲೇ ಹಾಲ್ ಅನ್ನು ಕಣ್ಣಲ್ಲೇ ಅಳೆದು ಮುಗಿಸಿರುತ್ತಾರೆ. ಬಿಲ್ಡರ್ ಹೇಳುವ ಚದರಡಿಯಲ್ಲಿ ಲಿಫ್ಟು, ಮೆಟ್ಟಿಲು, ಲಾಬಿ ಎಲ್ಲ ಸೇರಿರುತ್ತದೆ, ಕಾಲು ಚಾಚಿ ಮಲಗಲು ಸಿಗುವುದು ಬೇರೆಯೇ ಲೆಕ್ಕ ಅಂತ ಈ ಊರಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಆದರೆ ನಾವೆಲ್ಲ ಸುಮಾರು 750 ಚದರಡಿಯ ಒಂದು ಜಾಗವನ್ನು ಎದೆಯೊಳಗೆ ಮಡಚಿಟ್ಟುಕೊಂಡೇ ಲೋಕಲ್ ರೈಲು ಹತ್ತುತ್ತೇವೆ ಅಂತ ಯಾರೂ ಹೇಳುವುದಿಲ್ಲ.

ಸುಮ್ನೆ ಹೇಳುತ್ತಿಲ್ಲ. ಶ್ವಾಸಕೋಶದ ತುದಿಯಲ್ಲಿ 30 ಕೋಟಿಗೂ ಜಾಸ್ತಿ ಪುಟ್ಟ ಗಾಳಿಗೂಡುಗಳಿವೆ. ಒಂದೊಂದೂ ಒಂದು ಮಿಲಿಮೀಟರಿನ ನಾಲ್ಕೋ ಐದೋ ಭಾಗದಲ್ಲಿ ಒಂದು ಪಾಲಿನಷ್ಟು ಅಗಲ. ಅವುಗಳ ಒಳಗೋಡೆಯನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 70 ಚದರ ಮೀಟರ್ ಆಗುತ್ತದೆ. ದಾದರಿನಲ್ಲಿ ಅಷ್ಟು ಜಾಗ ಬೇಕೆಂದರೆ ಕೋಟಿಗಳಲ್ಲಿ ಮಾತಾಡಬೇಕು.

ಇಲ್ಲೂ ಲೋಡಿಂಗ್, ಅಂದರೆ ಬಿಲ್ಡರ್ ಲೆಕ್ಕಕ್ಕೆ ಸೇರಿಸುವ ಆ ಲಿಫ್ಟು-ಲಾಬಿಯಂಥ ಪಾಲು, ಇದೆ ಅನ್ನುವುದು ಇನ್ನೂ ತಮಾಷೆ. ಸುಮ್ಮನೆ ಕೂತಿದ್ದಾಗ ಒಂದು ಉಸಿರಿಗೆ ಅರ್ಧ ಲೀಟರ್ ಗಾಳಿ ಎಳೆದುಕೊಳ್ಳುತ್ತೇವೆ. ಅದರಲ್ಲಿ ಸುಮಾರು 150 ಮಿಲಿಲೀಟರ್ ಮೂಗು, ಗಂಟಲು, ಶ್ವಾಸನಾಳ ಅಂತ ದಾರಿಯಲ್ಲೇ ಉಳಿದು, ಗೂಡಿನ ಮುಖವನ್ನೂ ನೋಡದೆ ಬಂದ ಹಾಗೇ ಹೊರಗೆ ಹೋಗುತ್ತದೆ. ಅರ್ಧ ಲೀಟರಿನಲ್ಲಿ ಕೆಲಸಕ್ಕೆ ಬರುವುದು 350. ಮೂವತ್ತು ಪರ್ಸೆಂಟ್ ಲೋಡಿಂಗ್! ಚಿಕ್ಕಪ್ಪನಿಗೆ ಇದನ್ನು ಹೇಳಿದಾಗ ಅವರು, "ನಮ್ಮ ಬಿಲ್ಡರಿಗಿಂತ ವಾಸಿ ಬಿಡು ಮಾರಾಯ" ಅಂದರು.

ಇಷ್ಟೆಲ್ಲ ಇದ್ದರೂ ಶ್ವಾಸಕೋಶಕ್ಕೆ ತಾನಾಗಿ ಗಾಳಿ ಎಳೆದುಕೊಳ್ಳುವ ತಾಕತ್ತಿಲ್ಲ. ಕೆಲಸ ಮಾಡುವುದು ಕೆಳಗೆ ಎದೆಗೂ ಹೊಟ್ಟೆಗೂ ನಡುವೆ ಪರದೆಯಂತಿರುವ ಸ್ನಾಯು, ವಪೆ, ಶಾಲೆಯಲ್ಲಿ ಚಿತ್ರ ಬರೆದು ಹೆಸರು ಗುರುತಿಸಿ ಅಂತ ಕೇಳುತ್ತಿದ್ದರಲ್ಲ, ಅದೇ. ಅದು ಕೆಳಗೆ ಇಳಿಯುತ್ತದೆ, ಪಕ್ಕೆಲುಬುಗಳು ಮೇಲೇಳುತ್ತವೆ, ಎದೆಯೊಳಗೆ ಜಾಗ ಹೆಚ್ಚಿ ಒತ್ತಡ ಕಮ್ಮಿಯಾಗುತ್ತದೆ, ಗಾಳಿ ತಾನೇ ನುಗ್ಗುತ್ತದೆ. ಬಿಡುವುದಕ್ಕೆ ಅಷ್ಟು ಶ್ರಮವಿಲ್ಲ, ಬಿಗಿ ಸಡಿಲಿಸಿದರೆ ಸಾಕು. ಬೆಳಗ್ಗೆ ಎಂಟೂವರೆಯ ಫಾಸ್ಟ್ ಲೋಕಲಿನಲ್ಲಿ ಠಾಣೆ ದಾಟಿದ ಮೇಲೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಮುಂದೆ ಒಬ್ಬರ ಬ್ಯಾಗು, ಹಿಂದೆ ಇನ್ನೊಬ್ಬರ ಮೊಣಕೈ, ಪಕ್ಕೆಲುಬು ಮೇಲೇಳಲು ಜಾಗವೇ ಇಲ್ಲ. ಆಗ ಹೊಟ್ಟೆ ಮಾತ್ರ ಮೆಲ್ಲಗೆ ಉಬ್ಬಿ ಇಳಿಯುತ್ತಿರುತ್ತದೆ, ವಪೆ ಒಂಟಿಯಾಗಿ ದುಡಿಯುತ್ತಿರುತ್ತದೆ. ಬೆಲ್ಟ್ ಬಿಗಿಯಾಗಿ ಕಟ್ಟಿದವರ ಪಾಡು ದೇವರಿಗೇ ಪ್ರೀತಿ.

ವೆಸ್ಟರ್ನ್ ಲೈನಿನಲ್ಲಿ ಮಾಹಿಮ್ ಬಿಟ್ಟು ಬಾಂದ್ರಾ ಬರುವ ಮುಂಚೆ ಖಾಡಿ, ಅಂದರೆ ಸಮುದ್ರದ ಹಿನ್ನೀರು, ಸಿಗುತ್ತದೆ. ಅಲ್ಲಿ ವಾಸನೆ ಬಂದ ಕೂಡಲೇ ಅರ್ಧ ಡಬ್ಬಿ ಉಸಿರು ಬಿಗಿ ಹಿಡಿಯುತ್ತದೆ, ಕರ್ಚೀಫು ಮೂಗಿಗೆ ಹೋಗುತ್ತದೆ. ಸಿಗ್ನಲ್ ಸಿಗದೆ ಗಾಡಿ ಅಲ್ಲೇ ನಿಂತಿತೋ, ಮುಗೀತು. ಸ್ವಲ್ಪ ಹೊತ್ತಿಗೆ ಎಷ್ಟೇ ಹಟವಾದಿಯೂ ಬಾಯಿ ಬಿಡಲೇಬೇಕು. ಆಕ್ಸಿಜನ್ ಮುಗಿಯಿತು ಅಂತ ಮೈ ಒದ್ದಾಡುತ್ತದೆ ಅಂದುಕೊಳ್ಳುತ್ತೇವೆ, ಅಲ್ವಾ? ಹಾಗಲ್ಲ. ಒಳಗೆಳೆದ ಗಾಳಿಯಲ್ಲಿ ಆಕ್ಸಿಜನ್ 21 ಪರ್ಸೆಂಟ್ ಇದ್ದರೆ ಹೊರಬಿಟ್ಟ ಗಾಳಿಯಲ್ಲೂ ಸುಮಾರು 16 ಉಳಿದಿರುತ್ತದೆ. ಒಳಗೆ ಕಾರ್ಬನ್ ಡೈಆಕ್ಸೈಡ್ ಜಮಾ ಆಗುತ್ತಿದೆ ಅನ್ನುವುದೇ ಮಿದುಳಿನ ಬುಡಕ್ಕೆ ಮೊದಲು ತಟ್ಟುವ ದೂರು. ಮರ್ಯಾದೆ, ಸ್ವಾಭಿಮಾನ ಯಾವುದನ್ನೂ ಕೇಳದೆ ಅದು ಬಾಯಿ ತೆರೆಸುತ್ತದೆ. ಆ ವಾಸನೆಯನ್ನೂ ಸೇರಿಸಿಯೇ.

ಈ ಜಾಗವನ್ನು ಚೊಕ್ಕಟವಾಗಿಡುವ ಏರ್ಪಾಡೂ ಇದೆ. ಶ್ವಾಸನಾಳದ ಉದ್ದಕ್ಕೂ ಕಣ್ಣಿಗೆ ಕಾಣದ ರೋಮಗಳು ಧೂಳು ಅಂಟಿದ ಲೋಳೆಯನ್ನು ಮೇಲಕ್ಕೆ ತಳ್ಳುತ್ತಲೇ ಇರುತ್ತವೆ. ಅದು ಗಂಟಲಿಗೆ ಬರುತ್ತದೆ, ನಮಗೆ ಗೊತ್ತೇ ಆಗದಂತೆ ನುಂಗಿಬಿಡುತ್ತೇವೆ. ತುರ್ತು ಇದ್ದರೆ ಕೆಮ್ಮು. ಚಿಕ್ಕಮ್ಮ ಬ್ಯಾಡಗಿ ಮೆಣಸಿನಕಾಯಿ ಮುರಿದು ಒಗ್ಗರಣೆಗೆ ಹಾಕಿ, ಅದು ಸ್ವಲ್ಪ ಸೀದರೆ ಸಾಕು, ಹಾಲ್, ಬೆಡ್‌ರೂಮು, ಎದುರು ಮನೆಯ ಮರಾಠಿ ಅಜ್ಜಿ, ಎಲ್ಲರಿಗೂ ಒಟ್ಟಿಗೇ ಕೆಮ್ಮು. ಗಂಟಲಿನ ಬಾಗಿಲು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತದೆ, ಒಳಗೆ ಒತ್ತಡ ಏರುತ್ತದೆ, ಆಮೇಲೆ ಫಟ್ ಅಂತ ತೆರೆದು ಗಾಳಿ ಸಿಡಿಯುತ್ತದೆ.

ಆದರೆ ಗಾಳಿಗೂಡುಗಳಲ್ಲಿ ಆ ರೋಮಗಳಿಲ್ಲ. ಗೂಡಿನ ಗೋಡೆ ಒಂದು ಮೈಕ್ರಾನಿಗಿಂತಲೂ, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗಕ್ಕಿಂತಲೂ, ತೆಳು. ಗಾಳಿಯಿಂದ ಆಕ್ಸಿಜನ್ ಸಲೀಸಾಗಿ ರಕ್ತಕ್ಕೆ ದಾಟಬೇಕಾದರೆ ಹಾಗೇ ಇರಬೇಕು. 2.5 ಮೈಕ್ರಾನಿಗಿಂತ ಸಣ್ಣ ಕಣ ಅಲ್ಲಿಯವರೆಗೂ ಹೋಗಬಲ್ಲದು, ಹೋದರೆ ನುಂಗಿ ಅರಗಿಸಲು ಕಾವಲು ಕೋಶಗಳು ಮಾತ್ರ ಇರುತ್ತವೆ. ಮಳೆಗಾಲದಲ್ಲಿ ಮುಂಬೈ ಗಾಳಿ ಸುಖವಾಗಿರುತ್ತದೆ. ಡಿಸೆಂಬರ್ ಬಂತೆಂದರೆ ಕಟ್ಟಡಗಳ ಧೂಳು, ಗಾಡಿಗಳ ಹೊಗೆ ಎಲ್ಲ ಅಲ್ಲಲ್ಲೇ ನಿಂತು, ಎದುರಿನ ಟವರ್ ಬೂದಿ ಬಳಿದ ಹಾಗೆ ಕಾಣುತ್ತದೆ.

ಇದರ ಮೇಲೆ ಪಾರಿವಾಳಗಳು ಬೇರೆ. ಹಿಕ್ಕೆ ಮತ್ತು ಗರಿಯ ಪುಡಿಯನ್ನು ದಿನಾ ಉಸಿರಾಡಿದರೆ ಕೆಲವರಿಗೆ ಆ ತೆಳು ಗೋಡೆ ಬಾತುಕೊಳ್ಳುತ್ತದೆ, ಹಾಗೇ ಬಿಟ್ಟರೆ ದಪ್ಪಗಾಗಿ ಕಲೆಗಟ್ಟುತ್ತದೆ, ಮೆಟ್ಟಿಲು ಹತ್ತಿದರೆ ಏದುಸಿರು. 2025ರಲ್ಲಿ ಪಾರಿವಾಳಗಳಿಗೆ ಕಾಳು ಹಾಕುವ ಜಾಗವಾದ ದಾದರಿನ ಕಬೂತರ್‌ಖಾನೆಗೆ ಪಾಲಿಕೆ ಟಾರ್ಪಾಲಿನ್ ಹೊದಿಸಿದಾಗ ಎಷ್ಟು ಗಲಾಟೆ ಆಯಿತು! ಕಾಳು ಹಾಕುವುದು ಪುಣ್ಯ ಅನ್ನುವವರನ್ನು ನಾನು ಬೈಯಲಾರೆ, ಆದರೆ ಪುಣ್ಯ ಅವರಿಗೆ, ಪುಡಿ ನಮಗೆ. ಚಿಕ್ಕಮ್ಮನ ಕೆಳಗಿನ ಮನೆಯವರು ಇವತ್ತಿಗೂ ಕಿಟಕಿಯಲ್ಲಿ ಜೋಳ ಚೆಲ್ಲುತ್ತಾರೆ. ಚಿಕ್ಕಮ್ಮ ಬಾಲ್ಕನಿಗೆ ಬಲೆ ಕಟ್ಟಿಸಿದರು. ಪಾರಿವಾಳಗಳು ಈಗ ಏಸಿಯ ಹೊರಗಿನ ಡಬ್ಬಿಯ ಮೇಲೆ ಸಂಸಾರ ಹೂಡಿವೆ, ವಿಷಯ ಮುಂದಿನ ಸೊಸೈಟಿ ಮೀಟಿಂಗಿನ ಅಜೆಂಡಾಕ್ಕೆ ಹೋಗಿದೆ.