ಸೀಟಿ ಹೊಡೆದ ಮೇಲೂ ರೆಫರಿಯ ಕೆಲಸ ಇರುತ್ತದೆ

ನಮ್ಮ ಹುಬ್ಬಳ್ಳಿ-ಧಾರವಾಡದ ಬಾಸ್ಕೆಟ್‌ಬಾಲ್ ರೆಫರಿಗಳಿಗೆ ಫೌಲ್ ಹಿಡಿಯುವ ಕಣ್ಣಿದೆ. ತಪ್ಪು ಅಡ್ಡ ಬಂದವನದೋ (ಬ್ಲಾಕ್), ನುಗ್ಗಿ ಬಂದವನದೋ (ಚಾರ್ಜ್) ಎಂಬುದರಲ್ಲಿ ನನಗೆ ಅವರ ಮೇಲೆ ದೊಡ್ಡ ತಕರಾರಿಲ್ಲ. ತಕರಾರಿರುವುದು ಸೀಟಿ ಹೊಡೆದ ಮೇಲಿನ ಕೆಲಸದ ಬಗ್ಗೆ. ಆ ಫೌಲನ್ನು ಅಂಕ, ಫೌಲ್ ಬರೆದುಕೊಳ್ಳುವವರು ಕೂರುವ ಟೇಬಲ್ಲಿಗೆ ತಿಳಿಸುವುದನ್ನು ಬಹಳ ಜನ ಕೆಲಸ ಅಂತಲೇ ಎಣಿಸುವುದಿಲ್ಲ. ನಾನು ವರ್ಷಗಳಿಂದ ಸ್ಕೋರ್‌ಶೀಟ್ ಇರುವ ಕಡೆ ಕೂತವನು. ಅಲ್ಲಿಂದ ಕಂಡದ್ದನ್ನು ಬರೆಯುತ್ತಿದ್ದೇನೆ.

ನಡೆಯುವುದು ಹೀಗೆ. ಬಾಸ್ಕೆಟ್ ಕೆಳಗೆ ಫೌಲ್ ಆಗುತ್ತದೆ, ರೆಫರಿ ಮುಷ್ಟಿ ಎತ್ತುತ್ತಾರೆ. ಅಲ್ಲಿಯವರೆಗೆ ಸರಿ. ಆಮೇಲೆ ನಿಂತಲ್ಲಿಂದಲೇ, ಆಟಗಾರರ ತಲೆಗಳ ಮೇಲಿಂದ ಬೆರಳು ಆಡಿಸಿ, ಫ್ರೀ ಥ್ರೋ (ಫೌಲಿಗೆ ಪ್ರತಿಯಾಗಿ ಸಿಗುವ ಅಡ್ಡಿಯಿಲ್ಲದ ಎಸೆತ) ಲೈನಿನ ಕಡೆ ಹೊರಟೇ ಬಿಡುತ್ತಾರೆ. ನಾವು ಕೂಗುತ್ತೇವೆ, "ಸರ, ಯಾವ ನಂಬರ್ರೀ?" ಬೆನ್ನು ತಿರುಗಿಸಿಕೊಂಡೇ ಉತ್ತರ ಬರುತ್ತದೆ, "ಏಳ್ ಬರ್ಕೊಳ್ರೀ." ಸುತ್ತ ಹಲಗೆ ಬಾರಿಸುತ್ತಿರುವ ಹುಡುಗರ ಗದ್ದಲದಲ್ಲಿ ಅದು ಏಳೋ ಹದಿನೇಳೋ ಯಾರಿಗೆ ಗೊತ್ತಾಗಬೇಕು?

ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟವಾದ ಫೀಬಾದ ಪದ್ಧತಿಯಲ್ಲಿ ಇದಕ್ಕೆ ಸ್ಪಷ್ಟ ಕ್ರಮವಿದೆ. ಫೌಲ್ ಆದ ಜಾಗದಲ್ಲಿ ಮುಷ್ಟಿ ಕಟ್ಟಿದ ಕೈ ನೇರ ಮೇಲಕ್ಕೆ. ಅದನ್ನು ನೋಡಿಯೇ ಸಮಯ ನೋಡಿಕೊಳ್ಳುವ ಟೈಮರ್, ಗಡಿಯಾರ ನಿಂತಿದೆಯೇ ಎಂದು ಖಾತ್ರಿ ಮಾಡಿಕೊಳ್ಳುವುದು. ಆಮೇಲೆ ಆಟಗಾರರ ಗುಂಪಿನಿಂದ ಹೊರಬಂದು, ಟೇಬಲ್ಲಿಗೂ ತನಗೂ ನಡುವೆ ಯಾರೂ ಅಡ್ಡ ಇಲ್ಲದ ಕಡೆ, ಸುಮಾರು 6ರಿಂದ 8 ಮೀಟರ್ ದೂರದಲ್ಲಿ ಎರಡೂ ಕಾಲೂರಿ ನಿಲ್ಲಬೇಕು. ನಿಂತ ಮೇಲೆ ಮೊದಲು ನಂಬರ್, ಆಮೇಲೆ ಫೌಲಿನ ಬಗೆ, ಕೊನೆಗೆ ಎಷ್ಟು ಫ್ರೀ ಥ್ರೋ ಅಥವಾ ಚೆಂಡು ಯಾವ ಕಡೆ. ಆ ದೂರಕ್ಕೂ ಅರ್ಥವಿದೆ. ಇನ್ನೂ ಹತ್ತಿರ ಬಂದರೆ ರೆಫರಿ ಎರಡೂ ಬೆಂಚುಗಳ ಬಾಯಿಗೆ ಸಿಗುತ್ತಾರೆ, "ಅಂವ ಮುಟ್ಟೇ ಇಲ್ರೀ, ಕೈ ಮಾಡಿದಾಂವ ಬ್ಯಾರೇ" ಅಂತ ಕೋಚ್ ಶುರು ಮಾಡುತ್ತಾರೆ.

ನಂಬರ್ ತೋರಿಸುವುದರಲ್ಲಂತೂ ಅವಸರ ಕೂಡದು. ಒಂದು ಅಂತರ-ಕಾಲೇಜು ಪಂದ್ಯದ ನಾಲ್ಕನೇ ಕ್ವಾರ್ಟರಿನಲ್ಲಿ ರೆಫರಿ ಓಡುತ್ತಲೇ ಒಂದು ಕೈಯಲ್ಲಿ ಎರಡು ಬೆರಳು, ಇನ್ನೊಂದರಲ್ಲಿ ಮೂರು ಬೆರಳು ಒಟ್ಟಿಗೇ ಎತ್ತಿದರು. ಆ ತಂಡದಲ್ಲಿ 23 ಇದ್ದ, 32 ಕೂಡ ಇದ್ದ. ಎದುರು ಕೂತವರಿಗೆ ಎಡಬಲ ತಿರುಗುಮುರುಗು. 32ರ ಹೆಸರಿಗೆ ಬರೆದದ್ದಾಯಿತು, ಅದು ಅವನ ಐದನೆಯದು, ಐದಾದರೆ ಆಟದಿಂದ ಹೊರಗೆ. ಅವನು ಹೊರಗೆ ಹೋಗಿ ಕೂತ. ವಾದ ಮುಗಿದು ಅವನನ್ನು ಮತ್ತೆ ಒಳಗೆ ಕರೆಯುವ ಹೊತ್ತಿಗೆ ಆ ಹುಡುಗ ಮುಖ ಮುಚ್ಚಿಕೊಂಡು ಅಳುತ್ತಿದ್ದ. ಗದಗಿನಿಂದ, ಹಾವೇರಿಯಿಂದ ಬೆಳಗಿನ ಬಸ್ಸು ಹಿಡಿದು ಬರುವ ಮಕ್ಕಳಿಗೆ ವರ್ಷಕ್ಕೆ ಇಂಥ ಪಂದ್ಯ ಎಷ್ಟು ಸಿಗುತ್ತವೆ ಹೇಳಿ.

ಒಟ್ಟಿಗೇ ಎರಡು ಕೈ ಎತ್ತುವ ಈ ರೂಢಿ ಅಮೆರಿಕದ ಹೈಸ್ಕೂಲ್ ಪಂದ್ಯಗಳ ವಿಡಿಯೋ ನೋಡಿ ಬಂದದ್ದು ಅಂತ ನನ್ನ ಅನುಮಾನ. ಅಲ್ಲಿ ಜರ್ಸಿಯ ಮೇಲೆ 0ಯಿಂದ 5ರವರೆಗಿನ ಅಂಕಿಗಳೇ ಇರಬೇಕೆಂಬ ನಿಯಮವಿದೆ, ಹಾಗಾಗಿ ಒಂದು ಅಂಕಿಗೆ ಒಂದು ಕೈ ಸಾಕು. ಫೀಬಾದಲ್ಲಿ 99ರವರೆಗೂ ನಂಬರ್ ಇದೆ. ಅದಕ್ಕೇ 16ರಿಂದ ಮೇಲಿನ ನಂಬರಿಗೆ ಮೊದಲು ಕೈಯ ಹಿಂಬದಿ ಟೇಬಲ್ ಕಡೆ ಮಾಡಿ ಹತ್ತರ ಅಂಕಿ, ಆಮೇಲೆ ಅಂಗೈ ತೋರಿಸಿ ಬಿಡಿ ಅಂಕಿ. 23 ಅಂದರೆ ಹಿಂಗೈಯಲ್ಲಿ ಎರಡು, ಅಂಗೈಯಲ್ಲಿ ಮೂರು. ಎರಡು ಸೆಕೆಂಡಿನ ಮಾತು.

ಎರಡನೇ ರೆಫರಿಯ ಬಗ್ಗೆಯೂ ಹೇಳಬೇಕು. ಜೊತೆಗಾರ ಟೇಬಲ್ ಕಡೆ ಮುಖ ಮಾಡಿದಾಗ ಅಂಗಳದ ಹತ್ತೂ ಆಟಗಾರರು ಇವರ ಕಣ್ಣಲ್ಲಿರಬೇಕು. ನಮ್ಮಲ್ಲಿ ಹೆಚ್ಚಿನವರು ಆ ಹೊತ್ತಿನಲ್ಲಿ ಚೆಂಡು ತರಲು ಹೋಗುತ್ತಾರೆ. ತಳ್ಳಾಟ, ಬೈಗುಳ ಆಗುವುದು ಆವಾಗಲೇ. ಫ್ರೀ ಥ್ರೋ ಯಾರದು ಎಂದು ನೆನಪಿಟ್ಟುಕೊಳ್ಳುವುದೂ ಇವರ ಕೈಲಿದೆ. ಇಲ್ಲದಿದ್ದರೆ ತಂಡ ಸದ್ದಿಲ್ಲದೆ ತನ್ನ ಒಳ್ಳೆಯ ಶೂಟರನ್ನು ಲೈನಿಗೆ ಕಳಿಸುತ್ತದೆ. ವರದಿ ಮುಗಿದ ಮೇಲೆ ಇಬ್ಬರೂ ಸಾಮಾನ್ಯವಾಗಿ ಜಾಗ ಬದಲಿಸಿಕೊಳ್ಳಬೇಕು, ಅದನ್ನೂ ಕಣ್ಣಿನಲ್ಲೇ ಮಾತಾಡಿಕೊಂಡು.

ಹೀಗೆ ಮಾಡಿದರೆ ಆಟ ನಿಧಾನವಾಗುತ್ತದೆ ಅನ್ನುವವರಿದ್ದಾರೆ. ಗಡಿಯಾರವೇ ನಿಂತಿರುವಾಗ ಯಾರ ಸಮಯ ಹೋಗುತ್ತದೆ? ಕತ್ತಲಾಗುವುದರೊಳಗೆ ಮುಗಿಸಬೇಕೆಂದು ಗಡಿಯಾರ ಓಡಿಸಿಯೇ ಆಡಿಸುವ ಟೂರ್ನಿಗಳಲ್ಲಿ ಆ ಮಾತಿಗೆ ಅರ್ಥವಿದೆ, ಒಪ್ಪುತ್ತೇನೆ. ಆದರೆ ತಪ್ಪು ನಂಬರಿನ ಜಗಳಕ್ಕೆ ಹೋಗುವ ಹೊತ್ತು ಅದಕ್ಕಿಂತ ಹೆಚ್ಚು. ಸಂಘಟಕರೂ ಕೇಳಬೇಕು: ದಯವಿಟ್ಟು ಸ್ಕೋರರ್ ಟೇಬಲನ್ನು ಗಣ್ಯರ ಶಾಮಿಯಾನಾದ ಮೂಲೆಗೆ ತಳ್ಳಬೇಡಿ. ಶಾಲು-ಹಾರದ ಓಡಾಟದ ನಡುವೆ ರೆಫರಿ ಎಲ್ಲಿ ನಿಂತರೂ ನಮಗೆ ಕಾಣುವುದಿಲ್ಲ.

ಬಾಸ್ಕೆಟ್‌ಬಾಲ್ ಹುಟ್ಟುಹಾಕಿದ ಜೇಮ್ಸ್ ನೈಸ್ಮಿತ್ 1891ರಲ್ಲಿ ಬರೆದ 13 ನಿಯಮಗಳಲ್ಲೇ ಅಂಪೈರ್ ಫೌಲ್‌ಗಳನ್ನು ಗುರುತು ಹಾಕಿಕೊಳ್ಳಬೇಕು, ಸತತ ಮೂರಾದರೆ ರೆಫರಿಗೆ ತಿಳಿಸಬೇಕು ಎಂದಿತ್ತು. ಅಂದರೆ ಫೌಲ್ ತಿಳಿಸುವ ಹೊಣೆ ಆಟದ ಜೊತೆಗೇ ಹುಟ್ಟಿದ್ದು, ಇವತ್ತು ಯಾರೋ ಸೇರಿಸಿದ ಶಿಷ್ಟಾಚಾರ ಅಲ್ಲ.

ನನ್ನ ಕೋರಿಕೆ ಒಂದೇ. ಹೊಸ ರೆಫರಿಗಳಿಗೆ ಸೀಟಿ ಕೊಡುವ ಮೊದಲು ಒಂದು ಪೂರ್ತಿ ಪಂದ್ಯ ಟೇಬಲ್ಲಿನಲ್ಲಿ ಕೂರಿಸಿ ಸ್ಕೋರ್‌ಶೀಟ್ ಬರೆಸಿ. ಕಲಿಯುವ ಮನಸ್ಸಿರುವವರು ಹುಬ್ಬಳ್ಳಿಯಲ್ಲಾಗಲಿ ಧಾರವಾಡದಲ್ಲಾಗಲಿ ಯಾವ ಭಾನುವಾರ ಕರೆದರೂ ಖಾಲಿ ಹಾಳೆಗಳನ್ನು ಹಿಡಿದುಕೊಂಡು ನಾನೇ ಬರುತ್ತೇನೆ.